ಸಾಕರ್ ಆಡುವ ಮಗಳಿಗೆ ಯಾವ ಕಾಲೇಜು?

ಓದುಗರ ಪತ್ರ: ನಮ್ಮದು ಮೂಲ ದಾವಣಗೆರೆ. ಈಗ ಇರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಮಗಳು ಹನ್ನೊಂದನೇ ತರಗತಿ. ಚಿಕ್ಕಂದಿನಿಂದ ಸಾಕರ್ ಆಡುತ್ತಾಳೆ, ಕ್ಲಬ್ ತಂಡದಲ್ಲಿ ಮಿಡ್‌ಫೀಲ್ಡರ್. ಓದಿನಲ್ಲೂ ಮುಂದೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡುವ ಆಸೆ. ಡಿವಿಷನ್ ಒಂದರ ಒಂದು ವಿಶ್ವವಿದ್ಯಾಲಯದ ಕೋಚ್, ಖರ್ಚಿನ ಕಾಲು ಭಾಗದಷ್ಟು ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದ್ದಾರೆ. ಡಿವಿಷನ್ ಮೂರರ ಇನ್ನೊಂದು ಕಾಲೇಜಿಗೆ ಓದಿನಲ್ಲಿ ಬಹಳ ಹೆಸರಿದೆ, ಆದರೆ ಆಟಕ್ಕೆ ಅಂತ ಒಂದು ಡಾಲರೂ ಕೊಡುವುದಿಲ್ಲ. ಯಜಮಾನರು ಓದು ಮುಖ್ಯ ಅಂತಾರೆ. ಮಗಳು ಡಿವಿಷನ್ ಒಂದೇ ಬೇಕು ಅಂತ ಹಟ ಹಿಡಿದಿದ್ದಾಳೆ. ಊರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ‘ಹುಡುಗಿ ಚೆಂಡು ಒದ್ದು ಏನು ಮಾಡ್ತಾಳಮ್ಮ’ ಅಂತ ಕೇಳ್ತಾರೆ. ದಾರಿ ತೋರಿಸಿ. ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ಖುಷಿಯಾಯಿತು. ಹನ್ನೊಂದನೇ ತರಗತಿಯ ಹುಡುಗಿಯನ್ನು ಎರಡು ಕಾಲೇಜುಗಳು ನಮ್ಮಲ್ಲಿಗೆ ಬಾ ಅಂತ ಕರೆಯುತ್ತಿವೆ. ಅದು ಅವಳು ಬೆವರು ಸುರಿಸಿ ಗಳಿಸಿದ್ದು. ಮನೆಯಲ್ಲಿ ವಾದ ಎಷ್ಟೇ ನಡೆಯಲಿ, ಈ ಮಾತನ್ನು ಅವಳಿಗೆ ಒಮ್ಮೆ ಬಾಯಿಬಿಟ್ಟು ಹೇಳಿ.

ನಾವು ಸಿಇಟಿ ಕಾಲದಿಂದ ಬಂದವರು. ರ್‍ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದೆವು, ಸಿಗುವ ಸೀಟುಗಳಲ್ಲಿ ಮೇಲಿನದು ಯಾವುದೋ ಅದನ್ನು ಹಿಡಿದೆವು. ಕಾಲೇಜುಗಳನ್ನೆಲ್ಲ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ನಮಗೆ ಅಲ್ಲಿಂದಲೇ ಅಂಟಿಕೊಂಡಿದೆ. ಹಾಗಾಗಿ ಡಿವಿಷನ್ ಒಂದು, ಎರಡು, ಮೂರು ಅಂದ ಕೂಡಲೇ ನಮ್ಮ ಕಿವಿಗೆ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಥರ್ಡ್ ಕ್ಲಾಸ್ ಅಂತ ಕೇಳಿಸುತ್ತದೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಈ ವಿಂಗಡಣೆ ಮಾಡಿರುವುದು ಆಟದ ಲೆಕ್ಕದಲ್ಲಿ ಮಾತ್ರ. ಕಾಲೇಜು ಕ್ರೀಡೆಗೆ ಎಷ್ಟು ದುಡ್ಡು ಹಾಕುತ್ತದೆ, ಆಟಗಾರರಿಂದ ಎಷ್ಟು ಸಮಯ ಕೇಳುತ್ತದೆ ಅನ್ನುವುದು ಅದರಿಂದ ತಿಳಿಯುತ್ತದೆ. ಓದಿನ ಗುಣಮಟ್ಟ ತಿಳಿಯುವುದಿಲ್ಲ. ಎಂಐಟಿ ಡಿವಿಷನ್ ಮೂರರಲ್ಲಿ ಆಡುತ್ತದೆ. ಷಿಕಾಗೊ, ಎಮರಿ, ಕಾರ್ನೆಗಿ ಮೆಲನ್ ಕೂಡ ಅಲ್ಲೇ. 2022ರಲ್ಲಿ ಡಿವಿಷನ್ ಮೂರರ ಮಹಿಳಾ ಸಾಕರ್ ಪ್ರಶಸ್ತಿ ಗೆದ್ದದ್ದು ಜಾನ್ಸ್ ಹಾಪ್‌ಕಿನ್ಸ್, 2024ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ. ಬಯೋಮೆಡಿಕಲ್ ಎಂಜಿನಿಯರಿಂಗ್ ಓದಬೇಕು ಅನ್ನುವ ಮಕ್ಕಳು ಕನಸು ಕಾಣುವ ಹೆಸರುಗಳು ಇವು. ಇತ್ತ ಸ್ಟ್ಯಾನ್‌ಫರ್ಡ್, ಡ್ಯೂಕ್, ಪ್ರಿನ್ಸ್‌ಟನ್ ಡಿವಿಷನ್ ಒಂದರಲ್ಲಿವೆ. ಎರಡೂ ಕಡೆ ಒಳ್ಳೆಯ ಕಾಲೇಜಿದೆ, ಸಾಧಾರಣ ಕಾಲೇಜೂ ಇದೆ.

ದುಡ್ಡಿನ ವಿಷಯ ಮೊದಲು ಮುಗಿಸೋಣ, ಯಾಕಂದ್ರೆ ನಮ್ಮವರಲ್ಲಿ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಡಿವಿಷನ್ ಒಂದು ಅಂದರೆ ಪೂರ್ತಿ ಫ್ರೀ ಅಂದುಕೊಳ್ಳುತ್ತಾರೆ. ಮಹಿಳಾ ಸಾಕರ್‌ನಲ್ಲಿ ಬಹಳ ಕಾಲ ಒಂದು ತಂಡ ಹೆಚ್ಚೆಂದರೆ 14 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಹಣ ಕೊಡಬಹುದಿತ್ತು. ಅದನ್ನು ಇಪ್ಪತ್ತೈದು, ಮೂವತ್ತು ಹುಡುಗಿಯರಿಗೆ ಹಂಚುತ್ತಿದ್ದರು. ಹಾಗಾಗಿ ಕಾಲು ಭಾಗ, ಅರ್ಧ ಭಾಗ ಅನ್ನುವುದೇ ಮಾಮೂಲು. ಎನ್‌ಸಿಎಎ ಮೇಲೆ ಆಟಗಾರರು ಹಾಕಿದ್ದ ಕೇಸಿನಲ್ಲಿ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ನಂತರ, ಅದಕ್ಕೆ ಸೇರಿಕೊಂಡ ವಿಶ್ವವಿದ್ಯಾಲಯಗಳಿಗೆ ಈ 14ರ ಮಿತಿ ಹೋಯಿತು. ಬದಲಿಗೆ ತಂಡದಲ್ಲಿ 28 ಜನ ಮಾತ್ರ ಇರಬೇಕು ಅನ್ನುವ ಮಿತಿ ಬಂತು. ದೊಡ್ಡ ಕಾಲೇಜುಗಳು ಇನ್ನೂ ಹೆಚ್ಚು ಹಣ ಕೊಡಬಹುದು, ಆದರೆ ಜಾಗ ಬಿಗಿಯಾಯಿತು. ‘ಬಾ, ಒಂದು ವರ್ಷ ತಂಡದ ಜೊತೆ ಇದ್ದು ಕಲಿ’ ಅನ್ನುವ ಕೋಚ್‌ಗಳು ಈಗ ಕಡಿಮೆಯಾಗಿದ್ದಾರೆ. ನಿಮ್ಮನ್ನು ಕರೆದಿರುವ ವಿಶ್ವವಿದ್ಯಾಲಯ ಆ ಒಪ್ಪಂದಕ್ಕೆ ಸೇರಿದೆಯಾ ಅಂತ ನೇರವಾಗಿ ಕೇಳಿ.

ಐವಿ ಲೀಗ್‌ನ ಎಂಟೂ ವಿಶ್ವವಿದ್ಯಾಲಯಗಳು ಡಿವಿಷನ್ ಒಂದರಲ್ಲಿ ಆಡುತ್ತವೆ, ಆಟಕ್ಕೆ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಡಿವಿಷನ್ ಮೂರರಲ್ಲಿ ಆಟಕ್ಕೆ ಹಣವಿಲ್ಲ ನಿಜ, ಆದರೆ ಕಾಲೇಜಿನಿಂದಲೇ ಹಣವಿಲ್ಲ ಅಂತ ಅರ್ಥವಲ್ಲ. ಕೆಲವು ಕಡೆ ಓದಿನ ಮೇಲೆ ಮೆರಿಟ್ ಸ್ಕಾಲರ್‌ಶಿಪ್ ಇದೆ. ವಿಲಿಯಮ್ಸ್, ಆಮ್‌ಹರ್ಸ್ಟ್, ಎಂಐಟಿ ಥರದ ಕಡೆ ಮೆರಿಟ್ ಹಣವೂ ಇಲ್ಲ, ಮನೆಯ ಆದಾಯ ನೋಡಿ ಮಾತ್ರ ಸಹಾಯ ಮಾಡುತ್ತಾರೆ. ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲೂ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇರುತ್ತದೆ. ಇಬ್ಬರ ಸಂಬಳ, ಉಳಿತಾಯ ಹಾಕಿ ನೋಡಿ. ಬಹಳ ಸಲ ಡಿವಿಷನ್ ಮೂರರ ಪೂರ್ತಿ ಲೆಕ್ಕ, ಡಿವಿಷನ್ ಒಂದರಲ್ಲಿ ಕಾಲು ಭಾಗ ಕಳೆದು ಉಳಿಯುವ ಮುಕ್ಕಾಲಿಗಿಂತ ಕಡಿಮೆಯಾಗುತ್ತದೆ. ಕೆಲವು ಸಲ ಜಾಸ್ತಿಯೂ ಆಗುತ್ತದೆ. ಸುಮ್ನೆ ಊಹೆಯ ಮೇಲೆ ಜಗಳ ಆಡುವುದಕ್ಕಿಂತ ಒಂದು ಸಂಜೆ ಕೂತು ಎರಡೂ ಅಂಕಿಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ.

ಈಗ ನಿಮ್ಮ ಮನೆಯ ನಿಜವಾದ ಜಗಳಕ್ಕೆ ಬರುತ್ತೇನೆ. ಯಜಮಾನರು ಓದು ಅಂತಾರೆ, ಮಗಳು ಆಟ ಅಂತಾಳೆ. ಕಾಲೇಜಿಗೆ ಸೇರಿದ ಮೇಲೆ ಇವೆರಡೂ ಬೇರೆ ಬೇರೆ ಇರುವುದಿಲ್ಲ. ಒಂದೇ ಮಧ್ಯಾಹ್ನದಲ್ಲಿ ಎರಡಕ್ಕೂ ಜಾಗ ಬೇಕು. ನನ್ನ ಪ್ರಕಾರ ಇಡೀ ನಿರ್ಧಾರ ನಿಂತಿರುವುದು ಆ ಮಧ್ಯಾಹ್ನದ ಮೇಲೆ.

ಎಂಜಿನಿಯರಿಂಗ್‌ನ ಮೊದಲ ವರ್ಷ ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬ್ ಇರುತ್ತದೆ. ಲ್ಯಾಬ್ ಅಂದರೆ ಎರಡು ಮೂರು ಗಂಟೆ, ಬಹಳ ಕಡೆ ಮಧ್ಯಾಹ್ನದ ಹೊತ್ತು. ತಂಡದ ಅಭ್ಯಾಸವೂ ಅದೇ ಹೊತ್ತಿಗಿದ್ದರೆ ಏನು ಮಾಡುತ್ತಾಳೆ? ಕಾಲೇಜು ಸಾಕರ್‌ನ ಸೀಸನ್ ಪೂರ್ತಿ ಶರತ್ಕಾಲದಲ್ಲಿ ಮುಗಿಯುತ್ತದೆ. ಆಗಸ್ಟ್‌ನಲ್ಲಿ ಶುರು, ನವೆಂಬರ್‌ವರೆಗೆ ಬಿಡುವಿಲ್ಲ. ಡಿವಿಷನ್ ಒಂದರಲ್ಲಿ ಸಾಮಾನ್ಯವಾಗಿ ಗುರುವಾರ ಒಂದು ಪಂದ್ಯ, ಭಾನುವಾರ ಇನ್ನೊಂದು. ಬೇರೆ ಊರಿನಲ್ಲಾದರೆ ಬುಧವಾರವೇ ಹೊರಡಬೇಕು. 2024ರಿಂದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ತಂಡಗಳು ನಿಮ್ಮ ನಾರ್ತ್ ಕ್ಯಾರೊಲಿನಾದ ತಂಡಗಳಿರುವ ಎಸಿಸಿ ಲೀಗ್‌ನಲ್ಲೇ ಆಡುತ್ತಿವೆ. ಅಂದರೆ ಒಂದು ಪಂದ್ಯಕ್ಕಾಗಿ ದೇಶದ ಈ ತುದಿಯಿಂದ ಆ ತುದಿಗೆ ವಿಮಾನ. ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರಬಾರದು, ವಾರದಲ್ಲಿ ಒಂದು ದಿನ ರಜೆ ಕೊಡಬೇಕು ಅಂತ ಎನ್‌ಸಿಎಎ ನಿಯಮವಿದೆ. ಓದಿದರೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಪ್ರಯಾಣ ಆ ಲೆಕ್ಕಕ್ಕೆ ಸೇರುವುದಿಲ್ಲ. ಗಾಯಕ್ಕೆ ಚಿಕಿತ್ಸೆ ಪಡೆಯುವ ಹೊತ್ತೂ ಸೇರುವುದಿಲ್ಲ. ಪಂದ್ಯದ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ತಂಡದ ಜೊತೆಯೇ ಇದ್ದರೂ ಪುಸ್ತಕದಲ್ಲಿ ಬರೆಯುವುದು 3 ಗಂಟೆ.

ಡಿವಿಷನ್ ಮೂರರಲ್ಲೂ ಅಭ್ಯಾಸ ಸುಲಭವಲ್ಲ, ಆ ಹುಡುಗಿಯರೂ ಗೆಲ್ಲಬೇಕು ಅಂತಲೇ ಆಡುತ್ತಾರೆ. ಆದರೆ ನ್ಯೂ ಇಂಗ್ಲೆಂಡಿನ ಸಣ್ಣ ಕಾಲೇಜುಗಳ ನೆಸ್ಕ್ಯಾಕ್ ಲೀಗ್‌ನಲ್ಲಿ ಬಹುತೇಕ ಪಂದ್ಯಗಳಿಗೆ ಬಸ್ಸಿನಲ್ಲೇ ಹೋಗಿ ಅದೇ ರಾತ್ರಿ ಹಾಸ್ಟೆಲಿಗೆ ಬರಬಹುದು. ಸೀಸನ್ ಮುಗಿದ ಮೇಲೆ ತಂಡ ಕೇಳುವ ಹೊತ್ತೂ ಕಡಿಮೆ. ಬೇಸಿಗೆಯಲ್ಲಿ ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್ ಮಾಡಬಹುದು, ವಸಂತದಲ್ಲಿ ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬರಬಹುದು. ಡಿವಿಷನ್ ಒಂದರಲ್ಲಿ ಬೇಸಿಗೆಯಲ್ಲೂ ಕ್ಯಾಂಪಸ್ಸಿನಲ್ಲೇ ಇದ್ದು ತರಬೇತಿ ಮಾಡುವುದು ವಾಡಿಕೆ. ಹಾಗಂತ ಡಿವಿಷನ್ ಮೂರು ಪೂರ್ತಿ ಒಂದೇ ಥರ ಅಂದುಕೊಳ್ಳಬೇಡಿ. ಅಟ್ಲಾಂಟಾದ ಎಮರಿ, ಷಿಕಾಗೊ, ಬಾಸ್ಟನ್ ಹತ್ತಿರದ ಬ್ರಾಂಡೈಸ್ ಎಲ್ಲ ಒಂದೇ ಲೀಗ್‌ನಲ್ಲಿವೆ. ಅವರೂ ವಿಮಾನ ಹತ್ತುತ್ತಾರೆ.

ಇದನ್ನೆಲ್ಲ ಕೋಚ್ ಬಾಯಿಂದ ಕೇಳುವ ಮೊದಲು ಮನೆಯಲ್ಲೇ ಕೂತು ಪತ್ತೆ ಮಾಡುವ ದಾರಿಯೊಂದಿದೆ. ಎರಡೂ ತಂಡಗಳ ವೆಬ್‌ಸೈಟ್‌ನಲ್ಲಿ ‘ರೋಸ್ಟರ್’ ಅನ್ನುವ ಪುಟ ತೆರೆಯಿರಿ. ಪ್ರತಿ ಆಟಗಾರ್ತಿಯ ಹೆಸರು, ಆಡುವ ಜಾಗ, ಎಷ್ಟನೇ ವರ್ಷ, ಯಾವ ಊರು ಅಂತ ಇರುತ್ತದೆ. ಬಹಳ ಕಡೆ ಏನು ಓದುತ್ತಿದ್ದಾಳೆ ಅಂತಲೂ ಬರೆದಿರುತ್ತಾರೆ. ಮೂರನೇ, ನಾಲ್ಕನೇ ವರ್ಷದವರನ್ನು ಮಾತ್ರ ನೋಡಿ. ಅವರಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಇದ್ದಾರಾ? ಮೊದಲ ವರ್ಷದಲ್ಲಿ ಎಂಜಿನಿಯರಿಂಗ್ ಅಂತಿದ್ದವರು ಮೂರನೇ ವರ್ಷಕ್ಕೆ ಬೇರೆ ವಿಷಯಕ್ಕೆ ಹೋಗಿದ್ದಾರಾ? ಹಳೆಯ ವರ್ಷಗಳ ರೋಸ್ಟರ್‌ಗಳೂ ಅಲ್ಲೇ ಸಿಗುತ್ತವೆ, ಪಕ್ಕಪಕ್ಕ ಇಟ್ಟು ನೋಡಿ. ಮೂರು ವರ್ಷದ ಹಿಂದೆ ಎಂಟು ಹುಡುಗಿಯರು ಸೇರಿದ್ದು ಈಗ ಮೂವರೇ ಉಳಿದಿದ್ದರೆ, ಆ ಐವರು ಯಾಕೆ ಹೋದರು ಅಂತ ಕೇಳಲೇಬೇಕು. ಆಮೇಲೆ ‘ಸ್ಟ್ಯಾಟ್ಸ್’ ಪುಟದಲ್ಲಿ ಯಾರು ಎಷ್ಟು ನಿಮಿಷ ಆಡಿದರು ಅಂತ ನೋಡಿ. ನಿಮ್ಮ ಮಗಳು ಸೇರುವ ವರ್ಷ ಎಷ್ಟು ಜನ ಮಿಡ್‌ಫೀಲ್ಡರ್‌ಗಳು ಪದವಿ ಮುಗಿಸಿ ಹೋಗುತ್ತಾರೆ, ಕೋಚ್ ಮೊದಲ ವರ್ಷದವರನ್ನು ಮೈದಾನಕ್ಕೆ ಇಳಿಸುತ್ತಾರಾ, ಇಲ್ಲ ಎರಡು ವರ್ಷ ಬೆಂಚಿನ ಮೇಲೆ ಕೂರಿಸುತ್ತಾರಾ ಅನ್ನುವುದು ಗೊತ್ತಾಗುತ್ತದೆ. ಮಗಳ ಜೊತೆ ಕೂತು ಮಾಡಿ. ಡಿವಿಷನ್ ಒಂದು ಬೇಕು ಅನ್ನುವವಳಿಗೆ ಅಲ್ಲಿ ಆಡುವ ಅವಕಾಶ ಎಷ್ಟಿದೆ ಅಂತ ತನ್ನ ಕಣ್ಣಾರೆ ಕಾಣಲಿ. ನಾವು ಹತ್ತು ಸಲ ಹೇಳಿದರೂ ಅದು ನಾಟುವುದಿಲ್ಲ.

ಮೊಣಕಾಲಿನ ಮಾತನ್ನೂ ಆಡಲೇಬೇಕು. ಸಾಕರ್‌ನಲ್ಲಿ ಎಸಿಎಲ್ ಅನ್ನುವ ಮೊಣಕಾಲಿನ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಆಪರೇಷನ್ ಆದರೆ ಮತ್ತೆ ಮೈದಾನಕ್ಕೆ ಬರಲು ಒಂಬತ್ತು ತಿಂಗಳಿಂದ ವರ್ಷದವರೆಗೆ ಹಿಡಿಯುತ್ತದೆ. ಸಾಕರ್ ಆಟಗಾರ್ತಿ ನವೋಮಿ ಗಿರ್ಮಾ ನಿಮ್ಮ ಮಗಳಿಗೆ ಖಂಡಿತ ಗೊತ್ತಿರುತ್ತಾಳೆ. ಇಥಿಯೋಪಿಯಾದಿಂದ ಬಂದ ಅಪ್ಪ ಅಮ್ಮನ ಮಗಳು, ನಮ್ಮ ಜನ ತುಂಬಿರುವ ಸ್ಯಾನ್ ಹೋಸೆಯಲ್ಲಿ ಬೆಳೆದವಳು. ಸ್ಟ್ಯಾನ್‌ಫರ್ಡ್‌ನಲ್ಲಿ ಆಡಿ 2019ರಲ್ಲಿ ತಂಡದ ಜೊತೆ ಕಾಲೇಜು ಸಾಕರ್‌ನ ರಾಷ್ಟ್ರೀಯ ಪ್ರಶಸ್ತಿ ಗೆದ್ದಳು. ಮರುವರ್ಷ ಎಸಿಎಲ್ ಹರಿದು ಇಡೀ ಸೀಸನ್ ಹೋಯಿತು. ಅವಳು ಅಲ್ಲಿ ಓದಿದ್ದು ಸಿಂಬಾಲಿಕ್ ಸಿಸ್ಟಮ್ಸ್, ಅಂದರೆ ಕಂಪ್ಯೂಟರ್, ತರ್ಕ, ಮನಸ್ಸು ಎಲ್ಲ ಸೇರಿದ ವಿಷಯ. ಮುಂದೆ ಅಮೆರಿಕ ತಂಡದ ಡಿಫೆಂಡರ್ ಆದಳು, 2025ರಲ್ಲಿ ಆಗಿನ ದಾಖಲೆ ಮೊತ್ತಕ್ಕೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಸೇರಿದಳು. ಅಂಥ ಎತ್ತರ ಬಹಳ ಕಡಿಮೆ ಜನರಿಗೆ ಸಿಗುವಂಥದ್ದು. ಕಾಲೇಜಿನಲ್ಲಿ ಆಡುವ ಹೆಚ್ಚಿನವರಿಗೆ ಕಾಲೇಜೇ ಕೊನೆಯ ಮೈದಾನ. ನಾನು ಈ ಕಥೆ ಹೇಳುತ್ತಿರುವುದು ಆ ಸೀಸನ್ ಹೋದ ವರ್ಷಕ್ಕಾಗಿ. ಆಟ ನಿಂತಾಗಲೂ ಅವಳ ಕೈಯಲ್ಲಿ ಇಷ್ಟಪಟ್ಟು ಆರಿಸಿಕೊಂಡ ಓದಿತ್ತು. ಆ ಎರಡು ಕಾಲೇಜುಗಳಲ್ಲಿ ಚೆಂಡು ಮುಟ್ಟದೆ ಒಂದು ಇಡೀ ವರ್ಷ ಕಳೆಯಬೇಕಾಗಿ ಬಂದರೆ ಎಲ್ಲಿ ಖುಷಿಯಾಗಿರುತ್ತೀಯ ಅಂತ ಮಗಳನ್ನು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.

ನಿಮ್ಮ ಅತ್ತೆಯವರ ಪ್ರಶ್ನೆಯಲ್ಲಿ ಕಾಳಜಿ ಇದೆ, ಬೇಜಾರು ಮಾಡ್ಕೋಬೇಡಿ. ಅವರಿಗೆ ಹೀಗೆ ಹೇಳಿ ನೋಡಿ. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅಂತ ಅದು ಹೇಳಿತು, ಆಟಕ್ಕೂ ಅನ್ವಯವಾಯಿತು. ಎನ್‌ಸಿಎಎಯ ಮೊದಲ ಮಹಿಳಾ ಸಾಕರ್ ಪ್ರಶಸ್ತಿ 1982ರಲ್ಲಿ ನಿಮ್ಮ ಪಕ್ಕದ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಬಂತು. ಅದೇ ತಂಡ 2024ರಲ್ಲಿ ನಿಮ್ಮ ಕ್ಯಾರಿಯ ಮೈದಾನದಲ್ಲೇ 22ನೇ ಸಲ ಗೆದ್ದಿತು. ಇವತ್ತು ಡಿವಿಷನ್ ಒಂದರಲ್ಲೇ 300ಕ್ಕೂ ಹೆಚ್ಚು ಮಹಿಳಾ ತಂಡಗಳಿವೆ, ಮೂರರಲ್ಲಿ 400ಕ್ಕೂ ಹೆಚ್ಚು. ‘ನಿಮ್ಮ ಮೊಮ್ಮಗಳಿಗೆ ಕಾಲೇಜಿನ ಬಾಗಿಲು ತೆರೆಯುತ್ತಿರುವುದು ಆ ಚೆಂಡೇ’ ಅಂದರೆ ಅವರಿಗೆ ಖಂಡಿತ ಅರ್ಥವಾಗುತ್ತದೆ.

ಈ ಬಾಗಿಲಿನ ವಿಷಯದಲ್ಲಿ ಒಂದು ಎಚ್ಚರ. ಡಿವಿಷನ್ ಮೂರರ ಕೋಚ್ ಮಗಳ ಅಂಕಪಟ್ಟಿ ಕೇಳಿದರೆ ಅದು ‘ಪ್ರೀ ರೀಡ್’. ಹನ್ನೊಂದನೇ ತರಗತಿ ಮುಗಿದ ಬೇಸಿಗೆಯಲ್ಲಿ ಅದನ್ನು ಅಡ್ಮಿಷನ್ ಆಫೀಸಿಗೆ ತೋರಿಸಿ, ಈ ಹುಡುಗಿಗೆ ಸೀಟು ಸಿಗುವ ಹಾಗಿದೆಯಾ ಅಂತ ಕೇಳುತ್ತಾರೆ. ಸರಿ ಅಂತ ಬಂದರೆ, ‘ಅರ್ಲಿ ಡಿಸಿಷನ್’ನಲ್ಲಿ ಅರ್ಜಿ ಹಾಕಿ, ನಾನು ಬೆಂಬಲಿಸುತ್ತೇನೆ ಅನ್ನುತ್ತಾರೆ. ಅಲ್ಲಿ ಅರ್ಜಿ ಹಾಕಿ ಸೀಟು ಸಿಕ್ಕರೆ ಸೇರಲೇಬೇಕು. ಹಾಗಾಗಿ ಹಣದ ಲೆಕ್ಕ ಅದಕ್ಕಿಂತ ಮೊದಲೇ ಮುಗಿದಿರಬೇಕು. ಡಿವಿಷನ್ ಒಂದರ ಕೋಚ್ ಬಾಯಲ್ಲಿ ಹೇಳಿದ್ದು ಇನ್ನೂ ಬರೀ ಮಾತು. ಕಾಗದದ ಮೇಲೆ ಸಹಿ ಆಗುವವರೆಗೆ ಅದರ ಮೇಲೆ ಮನೆಯ ಬಜೆಟ್ ಕಟ್ಟಬೇಡಿ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಗಳ ನಿಜವಾದ ಆಸೆಯಾದರೆ ನನ್ನ ಒಲವು ಡಿವಿಷನ್ ಮೂರರ ಕಡೆಗೆ. ಆದರೆ ಡಿವಿಷನ್ ಒಂದರ ಬಾಗಿಲು ಈಗಲೇ ಮುಚ್ಚಬೇಡಿ. ಮಗಳೇ ಆ ಕೋಚ್‌ಗೆ ಫೋನ್ ಮಾಡಲಿ. ಮಕ್ಕಳ ಬದಲು ತಂದೆ ತಾಯಿ ಮಾತಾಡಿದರೆ ಕೋಚ್‌ಗಳಿಗೆ ಇಷ್ಟವಾಗುವುದಿಲ್ಲ. ತಂಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಸೀನಿಯರ್ ಒಬ್ಬಳ ನಂಬರ್ ಕೊಡಿ ಅಂತ ಕೇಳಲಿ. ಆ ಸೀನಿಯರ್ ಹತ್ತಿರ ಕಳೆದ ಅಕ್ಟೋಬರ್‌ನ ಒಂದು ವಾರದ ವೇಳಾಪಟ್ಟಿ ಕೇಳಲಿ. ಲ್ಯಾಬ್ ಯಾವಾಗ, ಅಭ್ಯಾಸ ಯಾವಾಗ, ತಪ್ಪಿದ ಪರೀಕ್ಷೆ ಬರೆದದ್ದು ಯಾವಾಗ, ಕೋರ್ಸ್ ಆರಿಸಿಕೊಳ್ಳುವಾಗ ಆಟಗಾರ್ತಿಯರಿಗೆ ಮೊದಲ ಅವಕಾಶ ಇದೆಯಾ, ಗಾಯವಾದರೆ ಮುಂದಿನ ವರ್ಷದ ಸ್ಕಾಲರ್‌ಶಿಪ್ ಉಳಿಯುತ್ತದಾ. ಕೋಚ್ ಸಂತೋಷದಿಂದ ನಂಬರ್ ಕೊಟ್ಟು, ಆ ವಾರದಲ್ಲಿ ಮಗಳು ತನ್ನನ್ನು ಕಾಣುವಂತಿದ್ದರೆ, ಅವಳ ಹಟದಲ್ಲಿ ಅರ್ಥವಿದೆ. ಯಜಮಾನರು ಒಪ್ಪಲಿ. ‘ನಮ್ಮ ತಂಡದಲ್ಲಿ ಸದ್ಯ ಎಂಜಿನಿಯರಿಂಗ್‌ನವರು ಯಾರೂ ಇಲ್ಲ’ ಅನ್ನುವ ಉತ್ತರ ಬಂದರೆ, ಡಿವಿಷನ್ ಮೂರರ ಕೋಚ್‌ಗೆ ಅಂಕಪಟ್ಟಿ ಕಳಿಸಿ. ಜುಲೈ ಬರುವ ಮೊದಲು ಈ ಫೋನ್ ಆಗಿರಲಿ.