ಅಕ್ಷರಕ್ಕೆ ಚಲನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಿ.ಕಾಂ. ಓದುತ್ತಿದ್ದೇನೆ. ಮೋಷನ್ ಗ್ರಾಫಿಕ್ಸ್ (ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವುದು) ಕಲಿಯುವ ಆಸೆ. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಮನೆಯಲ್ಲೇ ಏನು ಕಲಿಯಬಹುದು? ಯಾವ ಸಾಫ್ಟ್‌ವೇರ್ ಒಳ್ಳೆಯದು?
(ಹನುಮಂತನಗರದ ಓದುಗರು)

ಟೈಟಲ್, ಲೋಗೊ, ಜಾಹೀರಾತಿನ ಕೆಲಸ ಮಾಡುವ ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅಡೋಬಿ ಆಫ್ಟರ್ ಎಫೆಕ್ಟ್ಸ್. ಅದಕ್ಕೆ ಚಂದಾ ಕಟ್ಟಬೇಕು. ಬ್ಲೆಂಡರ್ ಪೂರ್ತಿ ಉಚಿತ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದೇ ಕೆಲಸಕ್ಕೆ ಫ್ಯೂಷನ್ ಎಂಬ ವಿಭಾಗವಿದೆ. ಕೀಫ್ರೇಮ್ (ಯಾವ ಕ್ಷಣಕ್ಕೆ ವಸ್ತು ಎಲ್ಲಿರಬೇಕೆಂಬ ಗುರುತು) ಮತ್ತು ಗ್ರಾಫ್ (ಆ ಗುರುತುಗಳ ನಡುವಿನ ಚಲನೆ ತೋರಿಸುವ ಗೆರೆ) ಮೂರರಲ್ಲೂ ಇವೆ, ಕಲಿಯಬೇಕಾದದ್ದೂ ಅವನ್ನೇ. ಕೈಗೆ ಸಿಕ್ಕ ಎಫೆಕ್ಟ್‌ಗಳನ್ನೆಲ್ಲ ಹಚ್ಚಿ ನೋಡುತ್ತಾ ಕೂತರೆ ತಿಂಗಳುಗಳು ಕಳೆದರೂ ಕೈ ಪಳಗುವುದಿಲ್ಲ. ಪುಟಿಯುವ ಚೆಂಡೊಂದನ್ನು ಸರಿಯಾಗಿ ಮಾಡಿ, ಸದ್ಯಕ್ಕೆ ಅಷ್ಟು ಸಾಕು.

ಆಫ್ಟರ್ ಎಫೆಕ್ಟ್ಸ್‌ನಲ್ಲಾದರೆ 1920×1080 ಅಳತೆಯ, ಸೆಕೆಂಡಿಗೆ 24 ಫ್ರೇಮ್‌ನ ಕಾಂಪೊಸಿಷನ್ (ಕೆಲಸದ ಹಾಳೆ) ತೆರೆದು ಒಂದು ವೃತ್ತ ಬರೆಯಿರಿ. ಕೀಫ್ರೇಮ್ ಹಾಕುವ ಮೊದಲೇ ವೈ ಕೀ ಒತ್ತಿ, ಆಂಕರ್ ಪಾಯಿಂಟನ್ನು (ಗಾತ್ರ ಬದಲಾಗುವಾಗ ಅಲುಗದೆ ನಿಲ್ಲುವ ಬಿಂದು) ಚೆಂಡಿನ ತಳಕ್ಕೆ ಎಳೆದುಕೊಳ್ಳಿ. ಅದು ನಡುವಿನಲ್ಲೇ ಉಳಿದರೆ, ಮುಂದೆ ಚೆಂಡನ್ನು ಚಪ್ಪಟೆ ಮಾಡಿದಾಗ ತಳ ನೆಲ ಬಿಟ್ಟು ಮೇಲೇಳುತ್ತದೆ. ಆಮೇಲೆ ಪಿ ಒತ್ತಿ, ಪೊಸಿಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಪರೇಟ್ ಡೈಮೆನ್ಷನ್ಸ್ ಆರಿಸಿ, ಅಡ್ಡ ಚಲನೆ ಮತ್ತು ಮೇಲೆ-ಕೆಳಗಿನ ಚಲನೆ ಬೇರೆಬೇರೆಯಾಗುತ್ತವೆ. ಅಡ್ಡ ಚಲನೆ ಒಂದೇ ವೇಗದಲ್ಲಿ ಸಾಗಬೇಕು, ವೇಗ ಬದಲಾಗಬೇಕಾದದ್ದು ಮೇಲೆ-ಕೆಳಗಿನ ಚಲನೆಯಲ್ಲಿ ಮಾತ್ರ.

ಒಂದು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಸುಮಾರು 0.45 ಸೆಕೆಂಡ್ ಬೇಕು, ಅಂದರೆ 11 ಫ್ರೇಮ್. ಸೊನ್ನೆಯ ಫ್ರೇಮ್‌ನಲ್ಲಿ ಮೇಲಿನ ಕೀ (ಕೀಫ್ರೇಮ್), 11ರಲ್ಲಿ ನೆಲದ ಕೀ ಹಾಕಿ ಪ್ಲೇ ಮಾಡಿದರೆ ಚೆಂಡು ಲಿಫ್ಟ್ ಇಳಿದ ಹಾಗೆ ಇಳಿಯುತ್ತದೆ. ಕಾರಣ, ಪ್ರತಿ ಫ್ರೇಮ್‌ನಲ್ಲೂ ಅದು ಸಾಗುವ ದೂರ ಒಂದೇ. ನಿಜವಾಗಿ ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರ ಕ್ರಮಿಸುತ್ತದೆ. ಅದಕ್ಕೆ ಮೇಲಿನ ಕೀಗೆ ಮಾತ್ರ ಎಫ್9 ಒತ್ತಿ ಈಸಿ ಈಸ್ (ವೇಗ ಮೆಲ್ಲನೆ ಬದಲಾಗುವ ಆಯ್ಕೆ) ಕೊಡಿ, ನೆಲದ ಕೀ ಲೀನಿಯರ್ (ಈಸ್ ಇಲ್ಲದೆ) ಆಗಿಯೇ ಇರಲಿ. ಹೊಸಬರು ಸಾಮಾನ್ಯವಾಗಿ ಎಲ್ಲ ಕೀಗಳನ್ನೂ ಸೆಲೆಕ್ಟ್ ಮಾಡಿ ಎಫ್9 ಒತ್ತಿಬಿಡುತ್ತಾರೆ. ಆಗ ನೆಲದ ಹತ್ತಿರ ವೇಗ ತಗ್ಗಿ ಚೆಂಡಿನ ಭಾರವೇ ಹೋಗಿಬಿಡುತ್ತದೆ. ಗ್ರಾಫ್ ಎಡಿಟರ್ ತೆರೆದು ನೋಡಿ: ನೆಲ ಮುಟ್ಟುವ ಜಾಗದಲ್ಲಿ ಗೆರೆ ಚೂಪಾಗಿ ತಿರುಗಬೇಕು, ತುದಿ ಎತ್ತರದಲ್ಲಿ ದುಂಡಗಿರಬೇಕು.

ಪ್ರತಿ ಪುಟಿತದ ಎತ್ತರ ಅರ್ಧಕ್ಕೆ ಇಳಿದರೆ ಅವಧಿ ಅರ್ಧವಾಗುವುದಿಲ್ಲ, ಸುಮಾರು 0.7 ಪಟ್ಟಾಗುತ್ತದೆ. ಹಾಗಾಗಿ 11 ಫ್ರೇಮ್ ಆದಮೇಲೆ ಏರಲು 8, ಇಳಿಯಲು 8, ಮುಂದಿನ ಸಲ ಐದೋ ಆರೋ. ನೆಲ ಮುಟ್ಟಿದ ಒಂದೆರಡು ಫ್ರೇಮ್ ಮಾತ್ರ ಸ್ಕೇಲ್ (ಗಾತ್ರದ ಶೇಕಡಾ) ಅಗಲ 115, ಎತ್ತರ 87 ಇಡಿ. ಅಗಲ ಹೆಚ್ಚಿಸಿ ಎತ್ತರ ಹಾಗೇ ಬಿಟ್ಟರೆ ಚೆಂಡು ಉಬ್ಬಿದಂತೆ ಕಾಣುತ್ತದೆ. ಇದು ಹದಕ್ಕೆ ಬಂದ ದಿನ ಕೋರ್ಸಿನ ಮಾತು ಯೋಚಿಸಿ.

ಪ್ರಶ್ನೆ: ಮದುವೆ ಕರೆಯೋಲೆ ವಿಡಿಯೊ ಮಾಡಿಕೊಡುತ್ತೇವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕನ್ನಡ ಹೆಸರುಗಳ ಒತ್ತಕ್ಷರ ಒಡೆದು ಬರುತ್ತಿವೆ. ‘ಲಕ್ಷ್ಮೀ’ ಎಂದು ಟೈಪ್ ಮಾಡಿದರೆ ಕ, ಷ, ಮ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ.
(ರಾಜಾಜಿನಗರದ ಸ್ಟುಡಿಯೊ ಮಾಲೀಕರು)

ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ, ಟೆಕ್ಸ್ಟ್ ಎಂಜಿನ್ ಲ್ಯಾಟಿನ್ ಎಂದಿದ್ದರೆ ಸೌತ್ ಏಷಿಯನ್ ಅಂಡ್ ಮಿಡಲ್ ಈಸ್ಟರ್ನ್‌ಗೆ ಬದಲಿಸಿ. ಹಳೆಯ ಲೇಯರ್ ಸರಿಹೋಗದಿದ್ದರೆ ಹೊಸ ಲೇಯರ್‌ನಲ್ಲಿ ಟೈಪ್ ಮಾಡಿ. ಫಾಂಟ್ ಯೂನಿಕೋಡ್ ಆಗಿರಬೇಕು. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒತ್ತು ಒಡೆಯುವ ಬದಲು ಇಡೀ ಸಾಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಬಂದರೆ ಅದು ಬೇರೆ ತೊಂದರೆ. ಗಿರಾಕಿ ಕೊಟ್ಟ ಪಠ್ಯ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿದೆ ಎಂದು ತಿಳಿಯಿರಿ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಅಕ್ಷರ ಸರಿಯಾಗಿ ಕೂತ ಮೇಲೂ ಅನಿಮೇಷನ್ ಕೊಟ್ಟಾಗ ಕೆಡುವುದುಂಟು. ರೆಡಿಮೇಡ್ ಟೆಕ್ಸ್ಟ್ ಪ್ರಿಸೆಟ್‌ಗಳು ಇಂಗ್ಲಿಷಿನಂತೆ ಒಂದೊಂದೇ ಕ್ಯಾರೆಕ್ಟರನ್ನು ಹಾರಿಸುತ್ತವೆ, ಆಗ ಗುಣಿತ ಒಂದು ಕಡೆ, ಒತ್ತು ಒಂದು ಕಡೆ ಹೋಗುತ್ತದೆ. ರೇಂಜ್ ಸೆಲೆಕ್ಟರ್‌ನ ಅಡ್ವಾನ್ಸ್ಡ್ ಒಳಗೆ ಬೇಸ್ಡ್ ಆನ್ ಎಂಬಲ್ಲಿ ವರ್ಡ್ಸ್ ಆರಿಸಿದರೆ ಪದ ಪದವಾಗಿ ಬರುತ್ತದೆ. ಅಕ್ಷರ ಅಕ್ಷರವಾಗಿಯೇ ಬರಬೇಕೆಂದರೆ ‘ಲ’ ಒಂದು ಲೇಯರ್, ‘ಕ್ಷ್ಮೀ’ ಇನ್ನೊಂದು ಲೇಯರ್ ಮಾಡಿ, ಎರಡು ಮೂರು ಫ್ರೇಮ್ ಅಂತರದಲ್ಲಿ ಒಂದರ ಹಿಂದೊಂದು ಬಿಡಿ. ಶ್ರಮ ಜಾಸ್ತಿ, ಆದರೆ ವಧೂವರರ ಹೆಸರಿಗೆ ಅಷ್ಟು ಶ್ರಮ ಸಲ್ಲಲೇಬೇಕು. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆಯಲ್ಲಿರಲಿ. ಹೆಚ್ಚಿಸಿದರೆ ದೀರ್ಘದ ಗುರುತೂ ಅರ್ಕಾವತ್ತೂ ತಮ್ಮ ಅಕ್ಷರದಿಂದ ದೂರ ಸರಿಯುತ್ತವೆ.

ಹೆಸರು ಕೆಳಗಿನಿಂದ ಎದ್ದು ಬರುವಂತೆ ಮ್ಯಾಟ್ (ಹೊರಗಿನ ಭಾಗ ಮರೆಮಾಡುವ ಆಕಾರ) ಹಾಕುವವರು ಅದರ ಕೆಳ ಅಂಚನ್ನು ಅಕ್ಷರದ ಪಾದಕ್ಕೇ ನಿಲ್ಲಿಸಬಾರದು, ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ‘ಕ್ಷ್ಮೀ’ಯಂಥ ಒತ್ತಿನ ಮೇಲೆ ಒತ್ತು ಇರುವ ಅಕ್ಷರ ಟೈಪ್ ಮಾಡಿ ನೋಡಿ, ಅದರ ತಳಕ್ಕಿಂತ ಸ್ವಲ್ಪ ಕೆಳಗೆ ಅಂಚು ಇಡಿ. ಸಾಲುಗಳ ಅಂತರಕ್ಕೂ ಇದೇ ಅಳತೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇದೆ. ಪ್ರಿವ್ಯೂ ಎರಡು ಸೆಕೆಂಡ್ ಓಡಿ ನಿಂತುಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಹೊಸದು ಕೊಳ್ಳಬೇಕೆ?
(ಯಲಹಂಕದ ಓದುಗರು)

ತಡೆಯಿರಿ, ಇಲ್ಲಿ ಕಡಿಮೆ ಬಿದ್ದಿರುವುದು ರ‍್ಯಾಮ್. 8 ಬಿಟ್ ಪ್ರಾಜೆಕ್ಟಿನಲ್ಲಿ 1920×1080ರ ಒಂದು ಫ್ರೇಮ್ ಸುಮಾರು 8.3 ಎಂಬಿ ಜಾಗ ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಎಂದರೆ ಹತ್ತು ಸೆಕೆಂಡಿಗೆ 2 ಜಿಬಿ. ವಿಂಡೋಸ್, ಬ್ರೌಸರ್, ಆಫ್ಟರ್ ಎಫೆಕ್ಟ್ಸ್ ತಾವೇ ನುಂಗಿದ ಮೇಲೆ ಅಷ್ಟು ಉಳಿಯುವುದಿಲ್ಲ. ಪ್ರಿವ್ಯೂ ರೆಸಲ್ಯೂಷನ್ ಹಾಫ್‌ಗೆ ಇಳಿಸಿ, ಪಿಕ್ಸೆಲ್ ಕಾಲುಭಾಗವಾಗುತ್ತದೆ. ಡಿಸ್ಕ್ ಕ್ಯಾಶ್ (ಸಿದ್ಧವಾದ ಫ್ರೇಮ್ ಉಳಿಸಿಡುವ ಜಾಗ) ಎಸ್‌ಎಸ್‌ಡಿ ಮೇಲಿರಲಿ. ಆಮೇಲೆ ರ‍್ಯಾಮ್ ಕನಿಷ್ಠ 16 ಜಿಬಿಗೆ ಏರಿಸಿ, 32 ಆದರೆ ನೆಮ್ಮದಿ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಮುನ್ನ ನಿಮ್ಮ ಮಾಡೆಲ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ, ಡಿಡಿಆರ್4 ಬೇಕೋ ಡಿಡಿಆರ್5 ಬೇಕೋ ನೋಡಿಕೊಳ್ಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲು ಬರುವುದಿಲ್ಲ.

ಪ್ರಶ್ನೆ: ಲೋಗೊ ಅನಿಮೇಷನ್ ಮಾಡಿ ಎಡಿಟರ್‌ಗೆ ಕಳಿಸಿದರೆ ಹಿಂದೆ ಕಪ್ಪು ಬಣ್ಣ ಬರುತ್ತದೆ ಅನ್ನುತ್ತಾರೆ.
(ಜಯನಗರದ ಓದುಗರು)

ನೀವು ಕಳಿಸಿದ್ದು ಎಚ್.264 ಎಂಪಿ4 ಇರಬೇಕು, ಅದರಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ. ರೆಂಡರ್ ಕ್ಯೂನ ಔಟ್‌ಪುಟ್ ಮಾಡ್ಯೂಲ್‌ನಲ್ಲಿ ಕ್ವಿಕ್‌ಟೈಮ್, ಕೋಡೆಕ್ ಪ್ರೊರೆಸ್ 4444, ಚಾನೆಲ್ಸ್‌ನಲ್ಲಿ ಆರ್‌ಜಿಬಿ ಪ್ಲಸ್ ಆಲ್ಫಾ (ಪಾರದರ್ಶಕತೆಯ ಮಾಹಿತಿ) ಆರಿಸಿ. ಪ್ರೊರೆಸ್ 422ರಲ್ಲಿ ಆಲ್ಫಾ ಇಲ್ಲ. ಕಪ್ಪು ಹೋದರೂ ಲೋಗೊದ ಅಂಚಿಗೆ ಕಪ್ಪು ಗೆರೆ ಉಳಿದರೆ, ಕಲರ್ ಎಂಬಲ್ಲಿ ಸ್ಟ್ರೇಟ್ ಇಟ್ಟು ಮತ್ತೊಮ್ಮೆ ರೆಂಡರ್ ಮಾಡಿ.