ಮೈತ್ರಿ ಕೇಂದ್ರದಲ್ಲಿ ಆರು ತಿಂಗಳ ಕತ್ತಲನ್ನು ಹೇಗೆ ಕಳೆಯುತ್ತಾರೆ?

ನಿಮ್ಮ ತಮ್ಮ ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಗೆ ಹೊರಟಿದ್ದಾನೆ, ಆರು ತಿಂಗಳು ಕತ್ತಲಲ್ಲಿ ಹೇಗಿರುತ್ತಾನೋ ಅಂತ ಬಾಗಲಕೋಟೆಯಲ್ಲಿ ಮನೆಮಂದಿಗೆಲ್ಲ ಚಿಂತೆ ಎಂದು ಬರೆದಿದ್ದೀರಿ. ನಾನು ವಿಜಯಪುರದವನು. ಜನರೇಟರ್ ಮೆಕ್ಯಾನಿಕ್ ಆಗಿ ಅಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ.

ಮೊದಲು ಆರು ತಿಂಗಳ ಮಾತು ಬಿಡಿ. ಅದು ದಕ್ಷಿಣ ಧ್ರುವದ ಲೆಕ್ಕ. ಮೈತ್ರಿ ಇರುವುದು ಸುಮಾರು 71 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿ ಸೂರ್ಯ ಮೂಡದಿರುವುದು ಮೇ ಕೊನೆಯಿಂದ ಜುಲೈ ಕೊನೆಯ ತನಕ, ಎರಡು ತಿಂಗಳು. ಆಗಲೂ ಮಧ್ಯಾಹ್ನದ ಹೊತ್ತಿಗೆ ಉತ್ತರದ ಆಕಾಶ ಕೆಂಪಾಗುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೊರಟಾಗ ಇರುತ್ತದಲ್ಲ, ಅಷ್ಟು ಬೆಳಕು. ನಮ್ಮ ಊರು ಇರುವುದೂ ಆ ದಿಕ್ಕಿಗೇ. ದಿನಾ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ.

ಹೊರಗೆ ಮೈನಸ್ 30ರ ಹತ್ತಿರ ಹೋದರೂ ಒಳಗೆ ಬೆಚ್ಚಗಿರುತ್ತದೆ. ಜಾಸ್ತಿ ಕಾಡುವುದು ನಿದ್ದೆ. ಹಗಲೇ ಇಲ್ಲದಿದ್ದರೆ ಮೈಗೆ ಹೊತ್ತು ತಿಳಿಯುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರ, ಮಧ್ಯಾಹ್ನ ತೂಕಡಿಕೆ. ನಮ್ಮನ್ನು ಕಾಪಾಡಿದ್ದು ಊಟದ ವೇಳೆ. ಹಸಿವಿರಲಿ ಬಿಡಲಿ, ಇಪ್ಪತ್ತು ಚಿಲ್ಲರೆ ಜನರೂ ಒಂದೇ ಹೊತ್ತಿಗೆ ಕೂಡಬೇಕು ಅಂತ ಮಾಡಿಕೊಂಡಿದ್ದೆವು. ಒಬ್ಬ ಬರದಿದ್ದರೆ ಯಾರಾದರೂ ಎದ್ದು ಅವನ ಕೋಣೆಗೆ ಹೋಗುತ್ತಿದ್ದರು. ಅಡುಗೆಮನೆ ಪಾಳಿ ಡಾಕ್ಟರಿಗೂ ಬರುತ್ತದೆ, ವಿಜ್ಞಾನಿಗೂ ಬರುತ್ತದೆ. ನೀರು ಹತ್ತಿರದ ಪ್ರಿಯದರ್ಶಿನಿ ಸರೋವರದ್ದು. ಮೇಲೆ ದಪ್ಪ ಮಂಜುಗಡ್ಡೆ, ಕೆಳಗೆ ನೀರು. ಪೈಪಿನಲ್ಲಿ ನೀರು ಗಟ್ಟಿಯಾಯಿತೋ, ಎಲ್ಲರೂ ಕೆಲಸಕ್ಕೆ ನಿಲ್ಲಬೇಕು. ಹಿಮಗಾಳಿ ಗಂಟೆಗೆ 100 ಕಿ.ಮೀ. ದಾಟಿದಾಗ ಮಾತ್ರ, ಕೆಲಸ ಎಷ್ಟೇ ತುರ್ತಿರಲಿ, ಒಬ್ಬನೇ ಹೊರಗೆ ಕಾಲಿಡುವಂತಿಲ್ಲ.

ಜೂನ್ 21, ಅಂದರೆ ಅಲ್ಲಿನ ಚಳಿಗಾಲದ ನಟ್ಟನಡುವಿನ ದಿನ, ಅಲ್ಲಿ ದೊಡ್ಡ ಹಬ್ಬ. ಬೇರೆ ಬೇರೆ ದೇಶಗಳ ಕೇಂದ್ರಗಳು ಒಂದಕ್ಕೊಂದು ಶುಭಾಶಯ ಕಳಿಸುತ್ತವೆ. ಅವತ್ತು ನಾನು ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯ ಗಂಟು ಬಿಚ್ಚಿದೆ. ಏಳು ತಿಂಗಳಾಗಿತ್ತು. ಅರ್ಧ ಪುಡಿಯಾಗಿತ್ತು, ಆದರೆ ಆ ಒಣ ಹವೆಗೆ ಒಂದೂ ಮೆತ್ತಗಾಗಿರಲಿಲ್ಲ. ಮುರಿದರೆ ಲಟ್ ಅಂತಿತ್ತು. ಫ್ರೀಜರ್‌ನಲ್ಲಿಟ್ಟಿದ್ದ ಶೇಂಗಾ ಹಿಂಡಿಗೆ ಹಾಲಿನ ಪುಡಿಯ ಮೊಸರು ಕಲಸಿ ಎಲ್ಲರಿಗೂ ಹಚ್ಚಿಕೊಟ್ಟೆ. ನನ್ನ ಪಕ್ಕದ ಕೇರಳದ ಹುಡುಗ ತಟ್ಟೆಯಲ್ಲಿ ಉದುರಿದ ಚೂರುಗಳನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದ. ಆಮೇಲೆ, ಇದನ್ನು ಮಾಡಿದವರಿಗೆ ಫೋನ್ ಹಚ್ಚಿಕೊಡಿ ಅಂದ. ಅವ್ವನಿಗೆ ಅವನ ಭಾಷೆ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಇಬ್ಬರೂ ಮಾತಾಡಿದರು.

ತಮ್ಮನ ಜೊತೆ ರೊಟ್ಟಿ ತಪ್ಪದೆ ಕಳಿಸಿ. ಬಟ್ಟೆಯಲ್ಲಿ ಬೇಡ, ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಡಿ. ಫೋನ್ ಬಂದಾಗ ಚಳಿ ಎಷ್ಟು, ಕತ್ತಲೆ ಎಷ್ಟು ಅಂತ ಕೇಳಬೇಡಿ. ಇವತ್ತು ಯಾರ ಪಾಳಿ, ಊಟಕ್ಕೆ ಏನು ಮಾಡಿದ್ದರು ಅಂತ ಕೇಳಿ.