ಬರೆದುಕೊಂಡು ಹೋಗಬೇಕಾ, ಅಲ್ಲೇ ತೋಚಿದ್ದು ಹೇಳಬೇಕಾ?

ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡಬೇಕಾ, ವೇದಿಕೆಯ ಮೇಲೆ ತೋಚಿದ್ದು ಹೇಳಿದರೆ ಸಾಕಾ, ಸಂಗೀತದವರು ಹೇಗೆ ನಿಭಾಯಿಸುತ್ತಾರೆ ಅಂತ ಕೇಳಿದ್ದೀರಿ. ತಯಾರಿ ಬೇಕೇ ಬೇಕು, ಬಾಯಿಪಾಠ ಬೇಡ ಅನ್ನುತ್ತೇನೆ ನಾನು.

ನಾನು ಕರ್ನಾಟಕ ಸಂಗೀತ ಕಲಿತವನು. ಅದರಲ್ಲಿ ಕೃತಿ, ಅಂದರೆ ಹಾಡು, ಮೊದಲೇ ಇರುತ್ತದೆ. ಅದರ ಒಂದು ಸಾಲಿಗೆ ಸರಿಗಮ ಹೆಣೆಯುವ ಕಲ್ಪನಾಸ್ವರ ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಕೇಳುವವರಿಗೆ ಸ್ವರಗಳು ಸುಮ್ನೆ ಸುರಿಯುತ್ತಿವೆ ಅನ್ನಿಸುತ್ತದೆ. ಆದರೆ ರಾಗ ಬಿಡುವ ಹಾಗಿಲ್ಲ, ಎಲ್ಲಿ ಸುತ್ತಿದರೂ ಆ ಸಾಲು ತಾಳದಲ್ಲಿ ಶುರುವಾಗುವ ಜಾಗಕ್ಕೆ, ಅಂದರೆ ಎಡುಪಿಗೆ, ಬಂದು ಸೇರಲೇಬೇಕು. ಆದಿತಾಳದಲ್ಲಿ 8 ಎಣಿಕೆ. ಎಣಿಕೆಗೆ 4 ಸ್ವರ ಅಂದರೆ ತಾಳದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, 32. ಸಾಲು ಸಮದಲ್ಲೇ, ಅಂದರೆ ಸುತ್ತಿನ ಮೊದಲ ಎಣಿಕೆಯಲ್ಲೇ, ಶುರುವಾಗುತ್ತದೆ ಅಂತಿಟ್ಟುಕೊಳ್ಳಿ. ಐದು ಸ್ವರದ ತುಣುಕನ್ನು ಮೂರು ಸಲ ಹಾಡಿ ಅಲ್ಲಿಗೆ ಸೇರಬೇಕಾದರೆ 15 ಬೇಕು, ಹಾಗಾಗಿ 17 ಆದಮೇಲೆ ಅದನ್ನು ಶುರುಮಾಡಬೇಕು. ಹಾಡುವಾಗ ಯಾರೂ ಈ ಕಳೆಯುವ ಲೆಕ್ಕ ಮಾಡುತ್ತಾ ಕೂರುವುದಿಲ್ಲ. ಮನೆಯಲ್ಲಿ ನೂರಾರು ಸಲ ಹಾಡಿ ಅದು ಮೈಗೆ ಹತ್ತಿರುತ್ತದೆ.

ಮಾತೂ ಹಾಗೇ. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆಡಿದ 'ನನಗೊಂದು ಕನಸಿದೆ' ಎಂಬ ಮಾತು ಅವರು ಬರೆದು ತಂದ ಹಾಳೆಯಲ್ಲಿ ಇರಲಿಲ್ಲ. ಗಾಯಕಿ ಮಹೇಲಿಯಾ ಜಾಕ್ಸನ್ ಹತ್ತಿರದಿಂದ 'ಕನಸಿನ ಬಗ್ಗೆ ಹೇಳು' ಅಂತ ಕೂಗಿದರು ಅಂತ ಅಲ್ಲಿದ್ದವರು ನೆನೆದಿದ್ದಾರೆ. ಆದರೆ ಅದೇ ಕನಸನ್ನು ಅವರು ಎರಡು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ ಹೇಳಿದ್ದರು. ನಾಲಿಗೆಗೆ ಅದು ಹೊಸದಲ್ಲ. ಹಾಳೆ ಬಿಡುವ ಧೈರ್ಯ ಬಂದಿದ್ದು ಅದರಿಂದಲೇ ಅಂತ ನನಗೆ ಅನ್ನಿಸುತ್ತದೆ.

ಒಮ್ಮೆ ನಾನು ಒಂದು ಭಾಷಣವನ್ನು ಅಕ್ಷರ ಬಿಡದೆ ಕಲಿತು ಹೋಗಿದ್ದೆ. ನಡುವೆ ಒಂದು ಪದ ಮರೆಯಿತು, ಮುಂದಿನದೆಲ್ಲ ಅದರ ಜೊತೆಗೇ ಹೋಯಿತು. ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಅದಕ್ಕೆ ಇದ್ದದ್ದು ಒಂದೇ ದಾರಿ.

ಈಗ ಮೊದಲ ಎರಡು ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಗಟ್ಟಿ ಮಾಡುತ್ತೇನೆ. ಹೆಸರು, ಅಂಕಿ ಚೀಟಿಯಲ್ಲಿರುತ್ತವೆ. ಉಳಿದದ್ದನ್ನು ಮನೆಯಲ್ಲಿ ನಾಲ್ಕೈದು ಸಲ ಜೋರಾಗಿ ಹೇಳುತ್ತೇನೆ, ಪ್ರತಿ ಸಲವೂ ಬೇರೆ ಮಾತುಗಳಲ್ಲಿ. ಇದೇ ಮುಖ್ಯ. ಆಗ ಒಂದು ವಿಷಯಕ್ಕೆ ನಾಲ್ಕೈದು ದಾರಿ ತಿಳಿದಿರುತ್ತದೆ. ಕ್ಷಮೆ ಕೇಳುವಾಗ, ಒಂದು ಪದ ತಪ್ಪಿದರೂ ಅರ್ಥ ಕೆಡುವಾಗ ಮಾತ್ರ ನೋಡಿ ಓದುತ್ತೇನೆ.

ನಿಮಗೆ ಜಾಸ್ತಿ ದಿನ ಇಲ್ಲ ಅಲ್ವಾ? ಇವತ್ತು ಸಂಜೆಯೇ ಚೀಟಿ ಪಕ್ಕಕ್ಕಿಟ್ಟು ಒಮ್ಮೆ ಪೂರ್ತಿ ಹೇಳಿ ನೋಡಿ. ಎಲ್ಲಿ ತಡವರಿಸಿದಿರೋ ಆ ಜಾಗವನ್ನಷ್ಟೇ ನಾಳೆ ಮತ್ತೆ ಹೇಳಿ.